ಗಾಳಿ ಹಿಡಿದ ಗಾಡಿ

ಡೊಂಬಿವಲಿಯಲ್ಲಿ ಜನರಿಗೆ ಬಿ.ಪಿ. ಏರುವುದು ಲೋಕಲ್ ಟ್ರೇನಿನಿಂದ. ನಮ್ಮ ಮನೆಯಲ್ಲಿ ಮಾತ್ರ ಕಾರಿನಿಂದ, ಅದೂ ವಾರ ತಪ್ಪದೆ. ನನ್ನದು ಆಮೆ ಬೆನ್ನಿನ ಹಳೇ ವಿಲಾಯತಿ ಗಾಡಿ. ಕ್ಲಚ್ ಪೆಡಲೇ ಇಲ್ಲ! ಗೇರಿನ ಗುಬುಟಿನ ಮೇಲೆ ಕೈಯಿಟ್ಟರೆ ಎಂಜಿನ್ ರಬ್ಬರ್ ಪೈಪಿನಿಂದ ಗಾಳಿ ಹೀರಿ ಕ್ಲಚ್ ಬಿಡಿಸುತ್ತದೆ. ಕೈ ತೆಗೆದರೆ ಕ್ಲಚ್ ಹಿಡಿಯುತ್ತದೆ. ಥಾಣೆಯಿಂದ ಕಾಮೋಠೆವರೆಗೆ ಇದರ ಮರ್ಮ ಬಲ್ಲವನು ನಾನೊಬ್ಬನೇ. ಅನುಮಾನವಿದ್ದರೆ ನನ್ನನ್ನೇ ಕೇಳಿ.

ಅನುಮಾನವಿದ್ದದ್ದು ನನ್ನಾಕೆಗೆ. "ಇನ್ನೊಂದು ಸಲ ಕೈಕೊಟ್ಟರೆ ಕಳಂಬೋಲಿ ಗುಜರಿಗೆ!" ಎಂದುಬಿಟ್ಟಳು. ಅಂದಿನಿಂದ ಕೀಲಿ ತಿರುಗಿಸುವಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕೈ ಬಿಡು

ಕಲ್ಯಾಣದ ಸೇತುವೆ ಏರು. ಹಿಂದೆ ಒಂದು ಲಾರಿ. ಪಕ್ಕದಲ್ಲಿ ಕೂತಿದ್ದ ಇವಳು ಹೆದರಿ ಕೈಗೆ ಸಿಕ್ಕ ಗೇರನ್ನೇ ಹಿಡಿದುಕೊಂಡಳು. ಹಿಡಿದದ್ದೇ ತಡ, ಕ್ಲಚ್ ಬಿಟ್ಟು ಕಾರು ಹಿಂದೆ ಜಾರಿತು. ಜಾರಿದ್ದಕ್ಕೆ ಇನ್ನೂ ಗಟ್ಟಿಯಾಗಿ ಹಿಡಿದಳು. ನಾನು ಹೆದರಲಿಲ್ಲ, ಕಾಲುಗಳು ನಡುಗಿದವು, ಅವು ಹುಟ್ಟಾ ಪುಕ್ಕಲು. ಹೇಗೋ ಬ್ರೇಕ್ ಸಿಕ್ಕಿತು.

"ಕೈ ಬಿಡೇ, ಮಾರಾಯ್ತಿ!"

"ಮೂವತ್ತು ವರ್ಷ ಸಂಸಾರ ಮಾಡಿ, ನಡುದಾರೀಲಿ ಕೈ ಬಿಡು ಅಂತೀರಲ್ರೀ!"

ಸುಂಯ್

ವಾಶಿ ಸಿಗ್ನಲ್ಲಿನಲ್ಲಿ ಗೇರ್ ಕರಕರ ಎಂದು ಹಲ್ಲು ಕಡಿಯಿತು. ಪೈಪು ಎಲ್ಲೋ ಸೀಳಿದೆ ಎಂದು ತಕ್ಷಣ ಪತ್ತೆ ಮಾಡಿದೆ. ಗ್ಯಾರೇಜಿನಲ್ಲಿ ನಾನೇ ಎಂಜಿನ್ನಿಗೆ ಕಿವಿಯಿಟ್ಟೆ. ಸುಂಯ್... ಸುಂಯ್... ಎಂಜಿನ್ ಆರಿಸಿದರೂ ಸದ್ದು ನಿಲ್ಲದು! ಬೆವರು ಕಿತ್ತುಬಂತು. ಮರಾಠಿ ಮೆಕ್ಯಾನಿಕ್ ಮೆಲ್ಲಗೆ ಹೇಳಿದ: "ಕಾಕಾ, ಅದು ನಿಮ್ಮ ಮೂಗು."

ಗಾಳಿ

ಕೊನೆಗೆ ಸೀಳು ಅವನಿಗೇ ಸಿಕ್ಕಿತು. "ಗಾಡಿ ಹವಾ ಘೇತೇಯ್," ಎಂದ. ಗಾಡಿ ಗಾಳಿ ಎಳೆಯುತ್ತಿದೆ ಎಂದರ್ಥ. ನಾನು ಅವಸರದಲ್ಲಿ ಮನೆಗೆ ಫೋನು ಮಾಡಿ, "ಗಾಡಿಗೆ ಗಾಳಿ ಹಿಡಿದಿದೆಯಂತೆ ಕಣೇ," ಎಂದೆ.

ಅತ್ತ ಕಡೆಯಿಂದ ಇವಳು ಕೂಗಿದಳು: "ಅಂದ್ಕೊಂಡೆ! ಆ ಸೇತುವೆ ಪಕ್ಕ ಸ್ಮಶಾನ ಇದೆ!"

ಹೊಸ ಪೈಪು ಹಾಕಿಸಿ ಗಾಡಿ ತಂದೆ. ರಾತ್ರಿ ಗೇರಿನಲ್ಲೇ ನಿಲ್ಲಿಸಿದ್ದೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಗರ್ಜಿಸುತ್ತದೆ, ಗಾಡಿ ಮಿಸುಕದು. ಹೌಸಿಂಗ್ ಸೊಸೈಟಿಯವರೆಲ್ಲ ಬಾಲ್ಕನಿಯಲ್ಲಿ. ನನ್ನಾಕೆ ಗೇಟಿನ ಬಳಿ ಕೈಕಟ್ಟಿ ನಿಂತಿದ್ದಾಳೆ. ಕಳಂಬೋಲಿಯ ತಕ್ಕಡಿ ನನ್ನ ಕಣ್ಣ ಮುಂದೆ ತೂಗತೊಡಗಿತು. ಮೆಕ್ಯಾನಿಕ್‌ಗೆ ಫೋನು ಮಾಡಿದೆ.

"ಕಾಕಾ, ಗೇರ್ ಪೇ ಕುಛ್ ಲಟಕಾಯಾ ಹೈ ಕ್ಯಾ?"

ಗೇರಿಗೆ ಏನಾದರೂ ನೇತುಹಾಕಿದ್ದೀರಾ ಎಂದು ಅವನ ಪ್ರಶ್ನೆ. ನೋಡಿದರೆ ತಾಯತ! ಗಾಳಿ ಬಿಡಿಸಲು ಇವಳೇ ಕರಿದಾರದಲ್ಲಿ ಗುಬುಟನ್ನು ಜಗ್ಗಿ ಡ್ಯಾಶ್‌ಬೋರ್ಡಿಗೆ ಬಿಗಿದಿದ್ದಳು. ಯಾರೋ ಸದಾ ಕೈಯಿಟ್ಟು ಕೂತಿದ್ದಾರೆಂದು ಗಾಡಿ ತಿಳಿದಿತ್ತು, ಪಾಪ. ನಾನು ಮಹಾ ಬುದ್ಧಿವಂತ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯದೆಯೇ ದಾರ ಕತ್ತರಿಸಿದೆ.

ಗಾಡಿ ಚಂಗನೆ ನೆಗೆದು, ಚೇರ್ಮನ್ನರ ತುಳಸಿಕುಂಡ ಉರುಳಿಸಿ, ಒಣಹಾಕಿದ್ದ ಬಿಳೀ ಪಂಚೆ ಹೊದ್ದು ನಿಂತಿತು.

"ನೋಡಿದ್ರಾ! ತಾಯತ ಬಿಚ್ಚಿದ ಕೂಡಲೇ ಹೇಗೆ ಮೈಮೇಲೆ ಬಂತು!" ಎಂದು ಇವಳು ಕಿರುಚಿದಳು.

ನಾನು ಸೋತ ದನಿಯಲ್ಲಿ, "ಹಾಗಾದರೆ ಗುಜರಿಗೆ ಫೋನು ಮಾಡಲಾ?" ಎಂದೆ.

"ಅಯ್ಯೋ, ಖಂಡಿತ ಬೇಡ! ಗಾಡಿ ಹೋದರೆ ಆ ಗಾಳಿ ನೇರ ನಿಮ್ಮನ್ನೇ ಹಿಡಿಯುತ್ತೆ. ನಿಮ್ಮನ್ನ ಯಾವ ಗ್ಯಾರೇಜಿಗೆ ಬಿಡಲಿ?"