‘ಪಥ’ ಎಂದು ಬರೆದ ಅರ್ಜಿ

ಏಳನೇ ತರಗತಿಗೇ ಶಾಲೆ ಬಿಟ್ಟ ನನ್ನಿಂದ ಒಂದು ಅರ್ಜಿಯನ್ನೂ ನೆಟ್ಟಗೆ ಬರೆಯಲಾಗದು ಎಂಬುದು ನನ್ನ ಭಾವ ಮೃತ್ಯುಂಜಯ ಅವರ ಖಚಿತ ಅಭಿಪ್ರಾಯವಾಗಿತ್ತು. ಆಮೇಲೆ ನಾನು ಶ್ರೀರಾಂಪುರದಲ್ಲಿ ಹಿಟ್ಟಿನ ಗಿರಣಿ ಹಾಕಿದೆ. ರಾಗಿ ಬೀಸುವ ಬಿಡುವಿನಲ್ಲಿ ಗ್ರಂಥಾಲಯದ ವಿಜ್ಞಾನದ ಕಪಾಟನ್ನೂ ಓದಿ ಮುಗಿಸಿದೆ. ಹೀಗಾಗಿ ಕಳೆದ ಆಷಾಢದಲ್ಲಿ ತೆಂಗಿನಕಾಯಿ ಗಾತ್ರದ ಉಲ್ಕೆಯೊಂದು ಗಿರಣಿಯ ಚಾವಣಿಯ ಶೀಟು ತೂರಿ ಬಿದ್ದಾಗ, ಅದಕ್ಕೂ ತಕ್ಕ ವಿಳಾಸವೇ ಸಿಕ್ಕಿತು ಅಂದುಕೊಂಡೆ.

ಶೀಟು ಬದಲಿಸಲು ಅನುಮತಿ ಬೇಕೆಂದು ಪಟ್ಟಣ ಪಂಚಾಯಿತಿ ಕಚೇರಿಯವರು ತಿಳಿಸಿದರು. ಮಳೆ ಜೋರಾದರೆ ಮೋಟಾರು ಉಳಿಯದು. ನಾನೇ ಕೂತು ಬರೆದೆ: “ಮಂಡಕಳ್ಳಿಯತ್ತ ಸಾಗುತ್ತಿದ್ದ ಉಲ್ಕೆಯು ಅಂಕುಡೊಂಕಾಗಿದ್ದ ಕಾರಣ, ಗಾಳಿಯು ಅದರ ಒಂದೇ ಮಗ್ಗುಲನ್ನು ಒತ್ತಿದ್ದರಿಂದ ಪಥ ತಿರುಗಿ, ಸದರಿ ಪಥವು ನನ್ನ ಚಾವಣಿಯಲ್ಲಿ ಕೊನೆಗೊಂಡಿದೆ. ಅದನ್ನು ಮುಚ್ಚಲು ಅನುಮತಿ ಕೋರುತ್ತೇನೆ.”

ಗುಮಾಸ್ತ ಲಕ್ಷ್ಮೀನರಸಿಂಹ ಓದಿ ಕನ್ನಡಕ ತೆಗೆದರು. “ತೂತು ಅಂತ ಬರೀರಿ ಅಮ್ಮ. ನಾಳೇನೇ ಸೈನ್ ಆಗುತ್ತೆ.”

“ತೂತು ಅನ್ನೋಕೆ ಇದೇನ್ರೀ ದೋಸೇನಾ? ಪುಸ್ತಕದಲ್ಲಿ ಪಥ ಅಂತಲೇ ಇದೆ.”

“ನಿಮ್ಮಿಷ್ಟ ಕಣಮ್ಮ.”

ಪಥ ಎಂದಿದ್ದುದರಿಂದ ಕಡತ ರಸ್ತೆ ವಿಭಾಗಕ್ಕೆ ಹೋಯಿತು. ಮೂರು ವಾರದ ಮೇಲೆ ಎಂಜಿನಿಯರ್ ಶಿಲ್ಪಶ್ರೀ ಟೇಪು ಹಿಡಿದು ಬಂದರು.

“ರಸ್ತೆ ಮುಚ್ಚೋ ಹಾಗಿಲ್ಲ ಮೇಡಂ.”

“ಇದು ಆಕಾಶದಲ್ಲಿದೆಯಲ್ಲಮ್ಮ?”

“ಅದಕ್ಕೇ ಮೇಲ್ಸೇತುವೆ ಅಂತ ತೋರಿಸಿದೀವಿ. ಆದ್ರೆ ಒಂದೂವರೆ ಅಡಿ ಅಗಲ ಸಾಲಲ್ಲ. ತಿರುವು ಬೇರೆ ಇದೆ ಅಂತ ನೀವೇ ಬರೆದಿದೀರ. ತಿರುವಿರೋ ರಸ್ತೆ ಮೂವತ್ತು ಅಡಿ ಇರಲೇಬೇಕು.” ಆಕೆ ದನಿ ತಗ್ಗಿಸಿದರು. “ಈಗಲೂ ತೂತು ಅಂತ ತಿದ್ದಿಕೊಟ್ಬುಡಿ. ಇಲ್ಲಿಗೇ ಮುಗಿಸ್ತೀನಿ.”

ಪೆನ್ನನ್ನೂ ಅವರೇ ಕೊಟ್ಟರು. ಒಳಗೆ ಮೋಟಾರಿನ ಮೇಲೆ ಹೊದಿಸಿದ್ದ ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಾನು ಬರೆದದ್ದರಲ್ಲಿ ತಪ್ಪಿಲ್ಲ,” ಅಂದೆ.

ನನ್ನ ಚಾವಣಿ ಇದ್ದದ್ದು ಇಪ್ಪತ್ತೆಂಟು ಅಡಿ. ಅಷ್ಟನ್ನೂ ತೆಗೆದರು. ಕೊರತೆ ಬಿದ್ದ ಎರಡು ಅಡಿಯನ್ನು ಪಕ್ಕದ ಮನೆಯ ಪುಟ್ಟಮಾದಯ್ಯನವರ ಸಜ್ಜೆಯಿಂದ ಪಡೆದರು. ಗೋಡೆಯ ಮೇಲೆ, ಆಕಾಶಕ್ಕೆ ಮುಖಮಾಡಿ, ‘ಮುಂದೆ ತಿರುವು ಇದೆ, ನಿಧಾನವಾಗಿ ಚಲಿಸಿ’ ಎಂಬ ಫಲಕ ನೆಟ್ಟರು. ಬೇಸರವಾಯಿತೇ ಎಂದು ಪುಟ್ಟಮಾದಯ್ಯನವರನ್ನು ಕೇಳಿದೆ.

“ರಸ್ತೆಗೆ ಎರಡಡಿ ಬುಡ್ದಿದ್ರೆ ಎಂಗಮ್ಮ? ನಮ್ದೂ ರೇಟು ಏರ್ತದೆ.”

ಅವರ ಮಾತು ನಿಜ. ಮುಂದೊಂದು ರಸ್ತೆ, ಮೇಲೊಂದು ರಸ್ತೆ. ದಾಖಲೆಯ ಪ್ರಕಾರ ನಾನೀಗ ಮೂಲೆ ನಿವೇಶನದ ಒಡತಿ. ಅದಕ್ಕೆ ತಗುಲಿದ್ದು ಒಂದು ಚಾವಣಿ, ಒಂದು ಮೋಟಾರು ಮತ್ತು ಗಿರಣಿ.