ದುರುಗಮ್ಮನವರ ಎಡಗಿವಿ ಕೇಳಿದ ಬಗ್ಗೆ

ಮಾತು ರವಾನೆ ಇಲಾಖೆ
ರಾಯಚೂರು ವಿಭಾಗ

ಸಂಖ್ಯೆ: ಮಾರಇ/ರಾಯ/ಕಿವಿ/ಎಡ/1982-83
ದಿನಾಂಕ: 17-11-1982

ಸುತ್ತೋಲೆ

ವಿಷಯ: ಹೆಡ್‌ಫೋನ್ ಧರಿಸುವ ಸಿಬ್ಬಂದಿಯು ತಮ್ಮ ವಶದಲ್ಲಿರುವ ಕಿವಿಗಳನ್ನು ಕಾಪಾಡಿಕೊಳ್ಳುವ ಕುರಿತು.

ಉಲ್ಲೇಖ:
1. ಟ್ರಂಕ್ ಆಪರೇಟರ್ ಶ್ರೀಮತಿ ದುರುಗಮ್ಮ ಅವರ ಅರ್ಜಿ, ದಿನಾಂಕ 4-2-1980.
2. ಅದೇ ಅರ್ಜಿ, ದಿನಾಂಕ 4-2-1981.
3. ಅದೇ ಅರ್ಜಿ, ಸ್ವಲ್ಪ ದೊಡ್ಡ ಅಕ್ಷರಗಳಲ್ಲಿ, ದಿನಾಂಕ 4-2-1982.

ರಾಯಚೂರು ಟ್ರಂಕ್ ಕೋಣೆಯ ಮೂರನೆಯ ಬೋರ್ಡಿನಲ್ಲಿ ಶ್ರೀಮತಿ ದುರುಗಮ್ಮ ಅವರು ಒಂಬತ್ತು ವರ್ಷಗಳಿಂದ ದೇವದುರ್ಗ ಮತ್ತು ಮಾನ್ವಿಯ ಫೋನ್ ಲೈನುಗಳನ್ನು ಜೋಡಿಸುತ್ತ ಬಂದಿರುತ್ತಾರೆ. ದೇವದುರ್ಗದ ಮಾತು ಇರುವೆ ನಡೆದಷ್ಟು ಸಣ್ಣಗೆ ಬರುವುದರಿಂದ, ಎರಡೂ ಲೈನಿಗೆ ಒಂದೇ ಇರುವ ಧ್ವನಿಯ ಗುಂಡಿಯನ್ನು ತುತ್ತತುದಿಗೆ ತಿರುಗಿಸಿ ಅದರ ಮೇಲೆ ಇಲಾಖೆಯ ಅರಗಿನ ಮುದ್ರೆ ಒತ್ತಲಾಗಿದೆ. ಮಾನ್ವಿಯ ಲೈನಾದರೋ ಸುಸ್ಥಿತಿಯಲ್ಲಿದ್ದು, ಅಲ್ಲಿನ ಅಕ್ಕಿ ಗಿರಣಿ ಮಾಲೀಕ ಶ್ರೀ ಗಡಿಗೆಪ್ಪ ಅವರು ಗಿರಣಿ ನಿಲ್ಲಿಸದೆ ಮಾತಾಡುವ ರೂಢಿಯವರಾಗಿರುತ್ತಾರೆ. ಹೀಗಾಗಿ ದಿನಾಲು ಬೆಳಿಗ್ಗೆ ಹನ್ನೊಂದಕ್ಕೆ ಅವರ "ಹಲೋ" ಎಂಬ ಪದವು ಗಿರಣಿಯ ಸಮೇತ ದುರುಗಮ್ಮ ಅವರ ಎಡಗಿವಿಯಲ್ಲಿ ಸ್ವೀಕೃತವಾಗುತ್ತಿದೆ.

ಗುಂಡಿಯ ಅರಗು ಒಡೆಯಬೇಕು, ಹೆಡ್‌ಫೋನಿಗೆ ಹೊಸ ಸ್ಪಂಜು ಕೊಡಬೇಕು, ಇಲ್ಲದಿದ್ದರೆ ಕಿವಿ ಹೋಗುತ್ತದೆ ಎಂಬುದು ಸದರಿಯವರ ಅರ್ಜಿಯ ಸಾರಾಂಶ. ಕಿವಿಯು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅರ್ಜಿಯಲ್ಲಿ ನಮೂದಿಸಿರುವುದಿಲ್ಲ. ಆದಾಗ್ಯೂ ಇಲಾಖೆಯು ವಿಷಯವನ್ನು ಮೂರು ವರ್ಷ ಕೂಲಂಕಷವಾಗಿ ಪರಿಶೀಲಿಸಿ, ಹೆಡ್‌ಫೋನ್ ಧರಿಸುವ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಿದೆ.

1. ಕಿವಿಯು ನೌಕರರದ್ದು, ಹೆಡ್‌ಫೋನ್ ಸರ್ಕಾರದ್ದು. ಎರಡರ ನಡುವೆ ತಿಕ್ಕಾಟ ಉಂಟಾದಲ್ಲಿ ಮೊದಲು ಹೆಡ್‌ಫೋನನ್ನು ಕಾಪಾಡತಕ್ಕದ್ದು.

2. ಧ್ವನಿ ಹೆಚ್ಚಾಯಿತೆಂದು ಅನಿಸಿದಲ್ಲಿ, ಅರಗಿನ ಮುದ್ರೆಯನ್ನು ಮುಟ್ಟದೆ ಧ್ವನಿಯನ್ನು ಕಡಿಮೆ ಮಾಡಿಕೊಳ್ಳತಕ್ಕದ್ದು. ಮಾತಾಡುವವರನ್ನೇ ವಿನಂತಿಸಿಕೊಳ್ಳಲು ಅಡ್ಡಿಯಿಲ್ಲ. ಹೀಗೆ ವಿನಂತಿಸಿದಾಗ ಶ್ರೀ ಗಡಿಗೆಪ್ಪ ಅವರು, "ಮೆಲ್ಲಕ ಮಾತಾಡಾಕ ನಾನೇನು ಕಳ್ಳ ಇದ್ದೀನೇನಬೇ? ದುಡಿಯೋ ಗಂಟಲು ಅದ ಇದು" ಎಂದು ಮೊದಲಿಗಿಂತ ಜೋರಾಗಿ ತಿಳಿಸಿರುವುದನ್ನು ಇಲಾಖೆಯು ಗಮನಿಸಿದೆ. ಇನ್ನೂ ಫೋನಿನ ಕಂಬ ಮುಟ್ಟದ ಹಳ್ಳಿಗಳವರೂ ಗಮನಿಸಿರುವುದಾಗಿ ವರದಿಯಾಗಿದೆ.

3. ಗಂಟೆಗೆ ಐದು ನಿಮಿಷ ವಿಶ್ರಾಂತಿ ಕಡ್ಡಾಯ. ಸದರಿ ವಿಶ್ರಾಂತಿಯು ಹೆಡ್‌ಫೋನಿಗೆ ಸೇರಿದ್ದು. ಆ ಐದು ನಿಮಿಷ ಅದನ್ನು ಮೊಳೆಗೆ ತೂಗುಹಾಕಿ, ಆಪರೇಟರು ಮೇಜಿನ ಮೇಲಿನ ರಿಸೀವರನ್ನು ಅದೇ ಕಿವಿಗೆ ಹಿಡಿದು ಕೆಲಸ ಮುಂದುವರಿಸತಕ್ಕದ್ದು.

4. ಒಂದೇ ಹೆಡ್‌ಫೋನು ಮೂರು ಪಾಳಿಯ ಮೂರು ತಲೆಗಳ ಮೇಲೆ ಕೂರುವುದರಿಂದ, ಒಬ್ಬರ ಕಿವಿಸೋಂಕು ಇನ್ನೊಬ್ಬರಿಗೆ ದಾಟುತ್ತಿದೆ ಎಂಬ ದೂರು ಇದೆ. ಇನ್ನು ಮುಂದೆ ಸೋಂಕನ್ನು ಹಸ್ತಾಂತರಿಸುವಾಗ ಇಬ್ಬರೂ ಸಹಿ ಮಾಡತಕ್ಕದ್ದು.

5. ಸ್ಪಂಜು ಸವೆದುಹೋದ ಜಾಗಕ್ಕೆ ದುರುಗಮ್ಮ ಅವರು ತಮ್ಮ ಹಳೆಯ ಇಳಕಲ್ ಸೀರೆಯ ಸೆರಗು ಹರಿದು, ಒಳಗೆ ಹತ್ತಿ ತುಂಬಿ, ಸುತ್ತ ಹೊಲಿಗೆ ಹಾಕಿ ಕಟ್ಟಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಹೊಲಿಗೆಯು ಅಚ್ಚುಕಟ್ಟಾಗಿದ್ದು, ಮೆತ್ತಗಿದೆ ಎಂದು ತಪಾಸಣಾಧಿಕಾರಿಗಳು ಸ್ವತಃ ಕಿವಿಗೆ ಇಟ್ಟುಕೊಂಡು ದೃಢಪಡಿಸಿದ್ದಾರೆ. ಆದರೆ ಕೆಂಪು ಸೆರಗು ಎಂಬ ಸಾಮಾನು ಇಲಾಖೆಯ ದಾಸ್ತಾನು ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅದನ್ನು ಬಿಚ್ಚಿ ಜಪ್ತು ಮಾಡಲಾಗಿದೆ. ದಾರದ ಕೊರತೆಯಿದ್ದ ಕಾರಣ, ಸದರಿಯವರ ಕಡತವನ್ನು ಅದರಿಂದಲೇ ಕಟ್ಟಿಡಲಾಗಿದೆ.

6. ಎಡಗಿವಿ ನೋಯುವಾಗ ಬಲಗಿವಿಗೆ ಹೆಡ್‌ಫೋನ್ ತಿರುಗಿಸಿಕೊಳ್ಳುವುದು ವರ್ಗಾವಣೆ ಎನಿಸಿಕೊಳ್ಳುತ್ತದೆ. ಬಲಗಿವಿಗೆ ಈ ಕೆಲಸದ ಅನುಭವ ಇರುವುದಿಲ್ಲ. ಅದು ಲಿಖಿತ ಒಪ್ಪಿಗೆ ಕೊಟ್ಟಲ್ಲಿ ಮಾತ್ರ ತಾತ್ಕಾಲಿಕ ಪ್ರಭಾರ ವಹಿಸಬಹುದು. ಎರಡೂ ಕಿವಿಗಳು ಒಂದೇ ಸಲ ರಜೆಯ ಮೇಲೆ ತೆರಳತಕ್ಕದ್ದಲ್ಲ.

7. ಲೈನು ಕಿತ್ತ ಮೇಲೂ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದಲ್ಲಿ, ಅದನ್ನು ಒಳಬರುವ ಕರೆ ಎಂದು ರಿಜಿಸ್ಟರಿನಲ್ಲಿ ಬರೆಯತಕ್ಕದ್ದು. ದುರುಗಮ್ಮ ಅವರ ಇಂತಹ ಒಂದು ಕರೆ ಆಗಸ್ಟ್ ತಿಂಗಳಿನಲ್ಲಿ ಶುರುವಾಗಿದ್ದು, ಈವರೆಗೆ ಮುಗಿದಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದು ಮುಂದುವರಿದಿರುವುದಾಗಿ ಸ್ವತಃ ಒಪ್ಪಿರುತ್ತಾರೆ. ಇಲಾಖೆಯ ಸದ್ದನ್ನು ಮನೆಗೆ ಒಯ್ದು ಸ್ವಂತಕ್ಕೆ ಬಳಸಿದ ಬಗ್ಗೆ ಏಳು ದಿನಗಳಲ್ಲಿ ವಿವರಣೆ ಸಲ್ಲಿಸತಕ್ಕದ್ದು.

8. ಸೇವಾ ನಿಯಮ 9ರ ಪ್ರಕಾರ, ಕಿವಿ ಕೇಳದ ಆಪರೇಟರನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಗುತ್ತದೆ. ಆದಕಾರಣ ದಿನಾಂಕ 9-11-1982ರಂದು ದುರುಗಮ್ಮ ಅವರ ಬಲಗಿವಿಗೆ ಹತ್ತಿ ತುರುಕಿ, ಎಡಗಿವಿಯ ಪರೀಕ್ಷೆ ನಡೆಸಲಾಯಿತು. ಕೋಣೆಯ ಗೋಡೆ ಗಡಿಯಾರದ ಸದ್ದು ಕೇಳಿಸುತ್ತದೆಯೇ ಎಂದು ವಿಚಾರಿಸಲಾಗಿ, ಅವರು ಸ್ವಲ್ಪ ಹೊತ್ತು ಅಧಿಕಾರಿಗಳ ಭುಜದಾಚೆ ನೋಡಿ, "ಗಡಿಯಾರ ಮೊಹರಮ್ಮಿನಾಗ ನಿಂತದರಿ, ಸಾಹೇಬ್ರ" ಎಂದರು. ಗಡಿಯಾರವು ನಿಂತಿರುವುದು ನಿಜ. ಇಲ್ಲದ ಸದ್ದನ್ನು ಇಲ್ಲವೆಂದು ಸರಿಯಾಗಿ ಗುರುತಿಸಿದ್ದಕ್ಕೆ ಪೂರ್ಣ ಅಂಕ ನೀಡಲಾಗಿದೆ. ಆ ವೇಳೆ ಪಕ್ಕದ ಬೋರ್ಡಿನ ಆಪರೇಟರ್ ಶ್ರೀಮತಿ ವಾಹಿದಾ ಅವರು ಅಧಿಕಾರಿಗಳ ಬೆನ್ನ ಹಿಂದೆ ನಿಂತು, ಅಧಿಕಾರಿಗಳು ಕೇಳಿದ್ದನ್ನೆಲ್ಲ ತುಟಿಯಲ್ಲೇ ಆಡಿಸುತ್ತಿದ್ದುದು ಕಂಡುಬಂದಿದೆ. ಅದನ್ನು ಪ್ರಾರ್ಥನೆ ಎಂದು ಭಾವಿಸಲಾಗಿದೆ.

9. ಮುಂದುವರಿದು, ಎಡಗಿವಿ ಕೇಳುತ್ತದೆಯೇ ಎಂದು ನೇರವಾಗಿ ಪ್ರಶ್ನಿಸಲಾಗಿ, ದುರುಗಮ್ಮ ಅವರು, "ಅದೇನು ಕೇಳ್ತದ್ರಿ, ಬಾಯಿಲ್ಲದ್ದು. ನಾನ ಕೇಳಾಕತ್ತೀನಿ. ಮೂರು ವರ್ಷ ಆತು ಕೇಳಾಕತ್ತು" ಎಂದಿರುತ್ತಾರೆ. ವಾಹಿದಾ ಅವರು ಪ್ರಾರ್ಥನೆ ನಿಲ್ಲಿಸಿ, "ಸುಮ್ನಿರಬೇ, ನೌಕ್ರಿ ಹೋಗ್ತದ" ಎಂದಿರುತ್ತಾರೆ. ಸದರಿ ಹೇಳಿಕೆಯನ್ನು ಮೂರೂ ಅರ್ಜಿಗಳೊಂದಿಗೆ ತಾಳೆ ನೋಡಲಾಗಿ, ಮೂರರಲ್ಲಿಯೂ ಅವರು "ನಾನು ಕೇಳುತ್ತಿದ್ದೇನೆ" ಎಂದು ಸ್ವಹಸ್ತದಿಂದ ಬರೆದು ಸಹಿ ಮಾಡಿರುತ್ತಾರೆ. ಆದ್ದರಿಂದ ಸದರಿಯವರು 1980ರಿಂದ ಎಡೆಬಿಡದೆ ಕೇಳುತ್ತಿರುವುದು ದಾಖಲೆಗಳಿಂದ ಸಾಬೀತಾಗಿದೆ.

10. ಕೇಳುತ್ತಿರುವ ಕಿವಿಗೆ ಸ್ಪಂಜಿನ ಅಗತ್ಯವಿಲ್ಲ. ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅರಗು ಯಥಾಸ್ಥಿತಿಯಲ್ಲಿ ಮುಂದುವರಿಯುತ್ತದೆ.

11. ಇದರಿಂದ ಬೇಸತ್ತು ಸದರಿಯವರು ಇನ್ನು ಮುಂದೆ ಅರ್ಜಿ ಕೊಡುವುದನ್ನು ನಿಲ್ಲಿಸಿದಲ್ಲಿ, ಅವರು ಈಗ ಕೇಳುತ್ತಿಲ್ಲವೆಂದು ಪರಿಗಣಿಸಿ ನಿಯಮ 9ನ್ನು ಜಾರಿಗೊಳಿಸಲಾಗುವುದು ಎಂದು ಈ ಮೂಲಕ ಎಚ್ಚರಿಸಲಾಗಿದೆ.

ಸಹಿ ಇದೆ, ಓದಲು ಬಂದಿಲ್ಲ
ವಿಭಾಗೀಯ ಶ್ರವಣ ಹಿತರಕ್ಷಣಾಧಿಕಾರಿ, ಪ್ರಭಾರ
ಮಾತು ರವಾನೆ ಇಲಾಖೆ, ರಾಯಚೂರು

ಪ್ರತಿಗಳು:

1. ದೇವದುರ್ಗ ಉಪಕಚೇರಿಗೆ. ಫೋನಿನಲ್ಲಿ ಪೂರ್ತಿ ಓದಿಹೇಳಲಾಗಿದ್ದು, ಒಂದು ಪ್ರತಿಯನ್ನು ಬಸ್ಸಿಗೆ ಕೊಟ್ಟು ಕಳಿಸಲು ಕೋರಿದ್ದಾರೆ.

2. ಮಾನ್ವಿಯ ಶ್ರೀ ಗಡಿಗೆಪ್ಪ ಅವರಿಗೆ, ಮನಸ್ಸಿನಲ್ಲೇ ಓದಿಕೊಳ್ಳಬೇಕೆಂಬ ಷರತ್ತಿನ ಮೇರೆಗೆ.

3. ಗಡಿಯಾರ ದುರಸ್ತಿ ಶಾಖೆಗೆ. ಗೋಡೆ ಗಡಿಯಾರವನ್ನು ಪರೀಕ್ಷಾ ಸಾಧನವೆಂದು ಘೋಷಿಸಿರುವುದರಿಂದ, ಅದನ್ನು ಯಾವ ಕಾರಣಕ್ಕೂ ದುರಸ್ತಿ ಮಾಡದಿರಲು.

4. ಶ್ರೀಮತಿ ವಾಹಿದಾ ಅವರಿಗೆ. ಇನ್ನು ಮುಂದೆ ಪ್ರಾರ್ಥನೆಯನ್ನು ಬಾಯಿ ಮುಚ್ಚಿ ಮಾಡಲು.

5. ಶ್ರೀಮತಿ ದುರುಗಮ್ಮ ಅವರಿಗೆ. ವಾಹಿದಾ ಅವರು ಊಟಕ್ಕೆ ಹೋದ ಸಮಯದಲ್ಲಿ, ಸದರಿಯವರ ಎಡಭಾಗದಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಓದಲಾಯಿತು. ಓದಿ ಮುಗಿಸಿ ಕಾಗದ ಮಡಚಿದ್ದನ್ನು ಕಂಡು, ಅವರು ಬಲಗಿವಿಯನ್ನು ಇತ್ತ ತಿರುಗಿಸಿ, "ಏನಂದ್ರಿ?" ಎಂದು ಕೇಳಿರುತ್ತಾರೆ. ಕೇಳಿರುತ್ತಾರೆ ಎಂದು ನಮೂದಿಸಿ, ಕಡತವನ್ನು ಸೆರಗಿನಿಂದ ಬಿಗಿಯಾಗಿ ಕಟ್ಟಲಾಗಿದೆ.