ವಿಮಾನದವರ ಸಭೆಯಲ್ಲಿ ನಮ್ಮ ಮಾವ

ನಮ್ಮ ಸೋದರಮಾವನ ಜೊತೆ ನೀವು ಒಂದು ದಿನ ಕಳೆದರೆ ನಿಮ್ಮ ಮಾನ ಹೋಗುವುದು ಖಂಡಿತ. ಎರಡು ದಿನ ಕಳೆದರೆ ನಿಮ್ಮ ಅಕ್ಕಪಕ್ಕದವರದೂ ಹೋಗುತ್ತದೆ! ಕುಡಿತವೇ? ಜೂಜೇ? ಅಯ್ಯೋ, ಅವೆಲ್ಲ ಸಣ್ಣ ಚಟಗಳು. ಮನೆಯವರು ಹೇಗೋ ಹೊಂದಿಕೊಳ್ಳುತ್ತಾರೆ. ನಮ್ಮ ಮಾವನಿಗಿದ್ದದ್ದು ತಪ್ಪು ಒಪ್ಪಿಕೊಳ್ಳುವ ಚಟ. ಯಾರೂ ಕೇಳದಿದ್ದರೂ ನಾಲ್ಕು ಜನ ಸೇರಿದ ಕಡೆ, ದೊಡ್ಡ ದನಿಯಲ್ಲಿ, ತಮ್ಮ ತಪ್ಪನ್ನು ತಾವೇ ಹೇಳಿಬಿಡುತ್ತಿದ್ದರು. ಅಷ್ಟಕ್ಕೇ ಮುಗಿದಿದ್ದರೆ ದೊಡ್ಡ ಮನುಷ್ಯರೆಂದು ದೂರದಿಂದಲೇ ಕೈಮುಗಿದು ಬಿಡಬಹುದಿತ್ತು. ತಮ್ಮದು ಮುಗಿದ ಮೇಲೆ ಎದುರಿನವರತ್ತ ತಿರುಗಿ, "ಹೂಂ, ಈಗ ನಿಮ್ಮದು ಹೇಳ್ರಿ" ಎಂದು ಕಾಯುತ್ತ ಕೂರುತ್ತಿದ್ದರು!

ಇಂಡಿ ತಾಲೂಕಿನ ತಾಂಬಾದಲ್ಲಿ ನಮ್ಮ ಮನೆಗೂ ಮಾವನ ಮನೆಗೂ ಒಂದೇ ಕಣ. ಜೋಳದ ರಾಶಿಯಾದ ದಿನ, ಅಳೆಯುವ ಮೊದಲು, ಆ ವರ್ಷ ಹೊಲದಲ್ಲಿ ದುಡಿದವರೆಲ್ಲ ರಾಶಿಯ ಸುತ್ತ ನಿಂತು ತಂತಮ್ಮ ತಪ್ಪು ಹೇಳಬೇಕು. ಇದು ಮಾವನೇ ಹಚ್ಚಿದ ರೂಢಿ. ಸುತ್ತಲಿನ ಯಾವ ಕಣದಲ್ಲೂ ಇರಲಿಲ್ಲ. "ಹೊಲ ಹರಗೋ ಕುಂಟಿ ಮುರದಾಂವ ನಾನ ರೀ" ಎಂದು ಒಬ್ಬ. "ಮಂಚಿಗಿ ಮ್ಯಾಲ ಕುಂತು ಹಕ್ಕಿ ಕಾಯೋದು ಬಿಟ್ಟು ನಿದ್ದಿ ಹೊಡದೇನ್ರಿ, ಎರಡು ಸಾಲು ಗಿಳಿ ತಿಂದು ಹೋದ್ವು" ಎಂದು ಇನ್ನೊಬ್ಬ. ಹೇಳಿದವನಿಗೆ ಯಾರೂ ಬೈಯುವಂತಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದವನು ಮಾತ್ರ ಉಳಿದವರು ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬಾರಿಸುವುದನ್ನು ನೋಡುತ್ತ ನಿಲ್ಲಬೇಕು. ಕಣದೊಳಗೆ ಇದ್ದಷ್ಟು ದಿನ ರೂಢಿ ಚೆನ್ನಾಗಿಯೇ ಇತ್ತು. ಮಾವ ಅದನ್ನು ಹೊರಗೂ ಹೊತ್ತುಕೊಂಡು ತಿರುಗಿದ್ದೇ ನಮ್ಮ ಮನೆತನದ ದುರಂತ.

ದೇವರ ಹಿಪ್ಪರಗಿಯ ಸಂತೆಗೆ ಎತ್ತು ಮಾರಲು ಹೋದರೆನ್ನಿ. ಗಿರಾಕಿ ಎತ್ತಿನ ಹಲ್ಲು ನೋಡುವ ಮೊದಲೇ ಮಾವ ಬಾಯಿ ತೆರೆಯುತ್ತಿದ್ದರು: "ಇದು ಎಡಕ್ಕ ಜಗ್ಗತೈತ್ರಿ. ನೀರು ಕಂಡ್ರ ಮಲಗಿ ಬಿಡತೈತಿ. ಹೋದ ವರ್ಷ ನಮ್ಮ ಮನ್ಯಾಕಿನ್ನ ಒದ್ದೈತಿ. ಅದರಾಗ ತಪ್ಪು ಎತ್ತಿಂದೋ ಅಕಿದೋ ಇನ್ನೂ ತಿಳಿದಿಲ್ಲ." ನಮ್ಮೂರಿನ ಹಳೆಯ ಮುಸಲ್ಮಾನ ಮನೆತನದ ದಲಾಲರೊಬ್ಬರು ಮಾವನಿಗೆ ಎತ್ತು ಮಾರಿಸಿಕೊಡುತ್ತಿದ್ದರು. ಅವರು ಹಣೆ ಹಣೆ ಬಡಿದುಕೊಂಡರು.

"ಗೌಡ್ರ, ಎತ್ತು ಮಾರಾಕ ಬಂದೀರೋ, ಅದರ ಮ್ಯಾಲ ಫಿರ್ಯಾದಿ ಕೊಡಾಕ ಬಂದೀರೋ?"

"ಸಾಹೇಬ್ರ, ನೀವೂ ನಿಮ್ಮದೊಂದು ಹೇಳಿಬಿಡ್ರಿ. ಹಗುರಾಗ್ತೈತಿ."

"ನನ್ನದು ಒಂದ ತಪ್ಪು ರೀ. ನಿಮ್ಮನ್ನ ಸಂತಿಗೆ ಕರಕೊಂಡು ಬಂದದ್ದು!"

ಇನ್ನು ಮಾವನ ಮಗಳನ್ನು ನೋಡಲು ಇಂಗಳೇಶ್ವರದಿಂದ ಬೀಗರು ಬಂದ ದಿನದ ಕಥೆ ಕೇಳಿ. ಬಂದವರು ಹೋಳಿಗೆ ಬಾಯಿಗಿಟ್ಟು, "ಹುಡುಗಿ ಕೈ ರುಚಿ ಚಲೋ ಐತ್ರಿ" ಎಂದರು. ಯಾವ ತಂದೆಯಾದರೂ ಆಗ ಏನು ಮಾಡುತ್ತಾನೆ? ಮೀಸೆ ತಿರುವುತ್ತಾನೆ. ನಮ್ಮ ಮಾವ ಗಂಟಲು ಸರಿಪಡಿಸಿಕೊಂಡರು. "ಹೋಳಿಗಿ ಮಾಡಿದಾಕಿ ಪಕ್ಕದ ಮನ್ಯಾಕಿ ರೀ. ನೀವು ಕುಂತ ಜಮಖಾನಿ ಇಸಕೊಂಡು ಬಂದದ್ದು. ಆ ಕುರ್ಚಿ ಊರ ಕನ್ನಡ ಸಾಲಿದು." ಒಳಗೆ ಅತ್ತೆಯ ಕೈಯಿಂದ ತಂಬಿಗೆ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ಗಂಡಿನ ತಂದೆ ಹೋಳಿಗೆಯ ತಾಟು ಬದಿಗಿಟ್ಟು, "ಹಂಗಾದ್ರ ನಾವೂ ಹೇಳಿಬಿಡ್ತೇವ್ರಿ. ನಮ್ಮ ಹುಡುಗನ ಕೈಯಾಗಿನ ವಾಚು ನಮ್ಮ ಅಳಿಯಂದು" ಎಂದರು. ಆ ಸಂಬಂಧ ಅಲ್ಲೇ ಗಟ್ಟಿಯಾಯಿತು.

ಇಂಥ ಕಣದಿಂದ ಎದ್ದುಹೋದ ನಾನು ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಕೆಲಸಕ್ಕೆ ಸೇರಿದೆ. ಅರವತ್ತರ ದಶಕದ ಮಾತು. ಯಾವ ಊರೆಂದು ಕೇಳಬೇಡಿ. ಅಂದಿನ ಮೇಲಧಿಕಾರಿಗಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಎತ್ತರದ ಗಾಜಿನ ಕೋಣೆಯಲ್ಲಿ ಕೂತು, ರೇಡಿಯೋದಲ್ಲಿ ಪೈಲಟ್ಟರಿಗೆ ಯಾವಾಗ ಇಳಿಯಬೇಕು, ಯಾವಾಗ ಏರಬೇಕು ಎಂದು ಹೇಳುವ ಕೆಲಸ. ತಾಂಬಾದಲ್ಲಿ ಮಾತ್ರ ನಾನು ಹಗ್ಗ ಹಾಕಿ ವಿಮಾನ ಜಗ್ಗಿ ಇಳಿಸುತ್ತೇನೆಂದೇ ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಈಗ ನನ್ನದನ್ನೂ ಹೇಳಿಬಿಡಬೇಕು. ಒಂದು ಮಧ್ಯಾಹ್ನ ರನ್‌ವೇ ಮೇಲೆ ನಾಯಿಗಳು ಬಂದಿವೆಯೆಂದು ಅವನ್ನು ಓಡಿಸಲು ಜೀಪು ಕಳಿಸಿದೆ. ಕಳಿಸಿದ್ದನ್ನು ಮರೆತೆ! ಐದೇ ನಿಮಿಷಕ್ಕೆ ಒಂದು ವಿಮಾನಕ್ಕೆ ಇಳಿಯಲು ಅಪ್ಪಣೆ ಕೊಟ್ಟೆ. ನೆಲ ಮುಟ್ಟುವ ಕೊನೆಯ ಗಳಿಗೆಯಲ್ಲಿ ಪೈಲಟ್ ಜೀಪು ಕಂಡು ವಿಮಾನವನ್ನು ಮತ್ತೆ ಮೇಲಕ್ಕೆತ್ತಿದರು. ಇಪ್ಪತ್ತಾರು ಜನರ ಜೀವ ಉಳಿಯಿತು. ಅವರು ಇಳಿದು ಬಂದು, "ರನ್‌ವೇ ಮೇಲೆ ಏನೋ ಇತ್ತು" ಎಂದರು. ಅಷ್ಟರಲ್ಲಿ ಜೀಪು ತನ್ನ ಜಾಗಕ್ಕೆ ಮರಳಿತ್ತು. ನಾನು ದಾಖಲೆ ಪುಸ್ತಕದಲ್ಲಿ, "ರನ್‌ವೇ ಖಾಲಿ ಇತ್ತು" ಎಂದು ಬರೆದೆ. ಜೀಪಿನ ಚಾಲಕ ಹೆದರಿ ಬಾಯಿ ಬಿಡಲಿಲ್ಲ. ಸಹಪೈಲಟ್ಟರ ಕಣ್ಣು ಆ ಗಳಿಗೆಯಲ್ಲಿ ಮೀಟರುಗಳ ಮೇಲಿತ್ತಂತೆ. ನಮ್ಮ ಮಾತು ಹಿಡಿದಿಡುವ ಯಂತ್ರ ಆಗ ಅಲ್ಲಿ ಇರಲಿಲ್ಲ. ಪೈಲಟ್ಟರಿಗೆ ವಯಸ್ಸಾಗಿತ್ತು. ಕಣ್ಣು ಮಂದವಾಗಿ ಇಲ್ಲದ್ದು ಕಾಣುತ್ತಿದೆ ಎಂದು ಅವರನ್ನು ಹಾರಾಟದಿಂದ ಇಳಿಸಿ ಮನೆಯಲ್ಲಿ ಕೂರಿಸಿದರು. ನಾನು ಉಣ್ಣುವುದು ಕಡಿಮೆಯಾಯಿತು. ಊರಿಗೆ ಕಾಗದ ಬರೆಯುವುದು ನಿಂತೇ ಹೋಯಿತು.

ಅವ್ವ ಗಾಬರಿಯಾಗಿ ತನ್ನ ಅಣ್ಣನನ್ನು ಇಂಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದಳು. ಬಾಗಿಲು ತೆರೆದರೆ ಹೆಗಲ ಮೇಲೆ ರೊಟ್ಟಿಯ ಗಂಟು ಹೊತ್ತ ಮಾವ! ಅವರು ನನ್ನ ಮುಖವನ್ನೇ ದಿಟ್ಟಿಸಿ ನೋಡಿ, "ಏನರ ಹೇಳೋದು ಐತೇನೋ ತಮ್ಮಾ?" ಎಂದರು. "ಏನೂ ಇಲ್ಲ ಮಾಮಾ" ಎಂದೆ. ಅವರು ಮತ್ತೆ ಕೇಳಲಿಲ್ಲ. ಮರುದಿನ ನಾನು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ತಮ್ಮ ಹರಕು ಮರಾಠಿಯಲ್ಲಿ ಓಣಿಯವರ ಮುಂದೆಲ್ಲ ತಪ್ಪು ಒಪ್ಪಿಕೊಂಡು, ಅವರಿಂದಲೂ ಒಪ್ಪಿಸಿಕೊಂಡು, ಮೂರು ಮನೆಗಳ ನಡುವೆ ಮಾತುಕತೆ ನಿಲ್ಲಿಸಿದ್ದರು.

ಅದರ ಮರುದಿನವೇ ವಿಮಾನ ಸುರಕ್ಷತೆಯ ಸಮ್ಮೇಳನ. ನಮ್ಮ ಕೆಲಸದವರು, ಪೈಲಟ್ಟರು, ಇಂಜಿನಿಯರರು ದೇಶದ ನಾನಾ ಕಡೆಯಿಂದ ಬಂದಿದ್ದರು. ಮೊದಲ ದಿನ ಮನೆಯವರನ್ನೂ ಕರೆತರಬಹುದಿತ್ತು. ಮಾವನನ್ನು ಓಣಿಯಲ್ಲಿ ಬಿಟ್ಟು ಹೋಗುವುದೋ, ಸಮ್ಮೇಳನಕ್ಕೆ ಕರೆದುಕೊಂಡು ಹೋಗುವುದೋ? ಓಣಿಯವರ ಮೇಲೆ ಕನಿಕರಪಟ್ಟು ಕರೆದುಕೊಂಡು ಹೋದೆ.

ಬಾಗಿಲಲ್ಲೇ ಕಂಟ್ರೋಲ್ ಟವರಿನ ಕಟ್ಟಿಗೆಯ ಮಾದರಿಯೊಂದನ್ನು ಇಟ್ಟಿದ್ದರು. ಮಾವ ಅದರ ಸುತ್ತ ಎರಡು ಸುತ್ತು ಹಾಕಿದರು. "ಇದು ನಮ್ಮ ಹಕ್ಕಿ ಕಾಯೋ ಮಂಚಿಗಿ ಅಲ್ಲೇನೋ! ನಾವು ಇಳೀಬ್ಯಾಡ್ರಿ ಅಂತ ಒದರ್ತೇವಿ, ನೀವು ಇಳೀರಿ ಅಂತ ಒದರ್ತೀರಿ. ಅಷ್ಟ ಫರಕು." ಹತ್ತಿರವೇ ನಿಂತಿದ್ದ ನಮ್ಮ ದೊಡ್ಡ ಸಾಹೇಬರಿಗೆ ಕನ್ನಡ ಬಾರದಿದ್ದದ್ದು ನನ್ನ ಪುಣ್ಯ.

ಒಳಗೆ ಹೋದವನು ಬೆಚ್ಚಿಬಿದ್ದೆ. ಮೂರನೆಯ ಸಾಲಿನಲ್ಲಿ ಆ ಪೈಲಟ್! ಇಸ್ತ್ರಿ ಮಾಡಿದ ಸಮವಸ್ತ್ರ, ಅಕ್ಕಪಕ್ಕದ ಕುರ್ಚಿಗಳು ಖಾಲಿ. ಮರುದಿನದ ಕಲಾಪದ ಪಟ್ಟಿ ನೋಡಿದೆ. ವಯಸ್ಸಾದ ಪೈಲಟ್ಟರ ದೃಷ್ಟಿದೋಷದ ಚರ್ಚೆ. ಉದಾಹರಣೆಗೆ ಅವರದೇ ಪ್ರಕರಣ. ಅದು ಮುಗಿದ ಮೇಲೆ ಅವರ ಲೈಸೆನ್ಸ್ ಉಳಿಯುವ ಮಾತೇ ಇರಲಿಲ್ಲ. ನಾನು ತಲೆ ತಗ್ಗಿಸಿ ಹಿಂದಿನ ಸಾಲಿನಲ್ಲಿ ಕೂತೆ.

ಸಮುದ್ರದಾಚೆಯಿಂದ ಬಂದಿದ್ದ ತಜ್ಞರೊಬ್ಬರು ಒಂದು ಗಂಟೆ ಭಾಷಣ ಮಾಡಿದರು. ನಾನು ಮಾವನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ: ತಪ್ಪು ಎಲ್ಲರಿಂದಲೂ ಆಗುತ್ತದೆ, ಮುಚ್ಚಿಟ್ಟರೆ ನಾಳೆ ಇನ್ನೊಂದು ವಿಮಾನ ಬೀಳುತ್ತದೆ, ಆದ್ದರಿಂದ ತಾನಾಗಿ ಹೇಳಿದವನನ್ನು ಶಿಕ್ಷಿಸಬಾರದು.

"ಇಷ್ಟು ಹೇಳಾಕ ಇಂವ ಸಮುದ್ರ ದಾಟಿ ಬಂದಾನ?" ಮಾವ ಪಿಸುಗುಟ್ಟಿದ್ದು ನಾಲ್ಕು ಸಾಲಿಗೆ ಕೇಳಿಸಿತು. "ತಾಂಬಾಕ್ಕ ಬಂದಿದ್ರ ಊಟಾನೂ ಹಾಕ್ತಿದ್ವಿ."

ಚಪ್ಪಾಳೆ ನಿಂತ ಮೇಲೆ ಅಧ್ಯಕ್ಷರು, "ಇಲ್ಲಿ ಯಾರಾದರೂ ಎದ್ದು ತಮ್ಮದೇ ಒಂದು ತಪ್ಪು ಹೇಳಬಹುದೇ?" ಎಂದು ಕೇಳಿದರು. ರೂಢಿ ಬಿದ್ದವನಂತೆ ಅದನ್ನೂ ಮಾವನ ಕಿವಿಯಲ್ಲಿ ಕನ್ನಡ ಮಾಡಿಬಿಟ್ಟೆ. ಇನ್ನೂರು ಜನ ತಂತಮ್ಮ ಬೂಟುಗಳನ್ನು ನೋಡತೊಡಗಿದರು. ನಾನೂ ನೋಡಿದೆ. ಪಕ್ಕದ ಕುರ್ಚಿ ಕಿರುಗುಟ್ಟಿತು. ಮಾವ ಎದ್ದು ನಿಂತಿದ್ದರು!

"ಅವರು ಕೇಳಿದ್ದು ನಿಮ್ಮನ್ನಲ್ಲ, ಸುಮ್ಮ ಕೂಡ್ರಿ ಮಾಮಾ!" ಎಂದು ಅವರ ಧೋತರ ಹಿಡಿದು ಜಗ್ಗಿದೆ. ಅವರು ನಡೆದೇ ಬಿಟ್ಟರು. ಇನ್ನೂ ಹಿಡಿದಿದ್ದರೆ ಧೋತರ ನನ್ನ ಕೈಯಲ್ಲೇ ಉಳಿಯುತ್ತಿತ್ತು, ಬಿಟ್ಟೆ. ಅಧ್ಯಕ್ಷರು ನಕ್ಕು, ಹಿರಿಯರು ಮಾತಾಡಲಿ, ಜೊತೆಗೆ ಬಂದವರು ಇಂಗ್ಲಿಷಿಗೆ ತಿರುಗಿಸಲಿ ಎಂದರು. ಕಾಲು ಎಳೆದುಕೊಂಡು ಹೋಗಿ ಮೈಕಿನ ಪಕ್ಕ ನಿಂತೆ.

"ಮುಂಜಾನಿ ಹೊರಗ ಬಿಸ್ಕೀಟು ಇಟ್ಟಿದ್ರಿ. ಒಬ್ಬರಿಗೆ ಎರಡು ಅಂದಿದ್ರಿ. ನಾ ಆರು ತಗೊಂಡೇನ್ರಿ" ಎಂದು ಮಾವ ಅಂಗಿಯ ಕಿಸೆಯಿಂದ ನಾಲ್ಕು ಬಿಸ್ಕೀಟು ತೆಗೆದು ಅಧ್ಯಕ್ಷರ ಮುಂದೆ ಸಾಲಾಗಿ ಜೋಡಿಸಿದರು. ಬೆವರು ಒರೆಸಿಕೊಳ್ಳುತ್ತ ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸದ್ಯ, ಇಷ್ಟಕ್ಕೇ ಮುಗಿಯಿತಲ್ಲ ಎಂದುಕೊಂಡೆ.

"ಇನ್ನೊಂದು ಐತಿ" ಎಂದರು ಮಾವ. ದನಿ ಬೇರೆಯಾಗಿತ್ತು. "ಇಪ್ಪತ್ತು ವರ್ಷದ ಹಿಂದ ನಮ್ಮ ಕಣದಾಗ ದನದ ಮೇವಿನ ಕಣಿಕಿ ಬಣವಿ ಸುಟ್ಟು ಹೋದ್ವು. ನಾಕು ಮನಿ ದನ ಉಪವಾಸ ಬಿದ್ವು. ಬೀಡಿ ಬೆಂಕಿ ಅದು. ನಮ್ಮ ತಂಗಿ ಗಂಡ ಬೀಡಿ ಸೇದೋದು ಊರಿಗೆಲ್ಲ ಗೊತ್ತಿತ್ತು, ಎಲ್ಲಾರೂ ಅವಂದ ತಪ್ಪು ಅಂದ್ರು. ನಾ ಕದ್ದು ಸೇದೋದು ಯಾರಿಗೂ ಗೊತ್ತಿರಲಿಲ್ಲ. ಅವತ್ತು ಕಣದಾಗ ಬೀಡಿ ಒಗದಾಂವ ನಾನು."

ಬಾಯಿ ತೆರೆದವನು ಹಾಗೇ ನಿಂತೆ. ಮಾವನ ತಂಗಿಯ ಗಂಡನೆಂದರೆ ನನ್ನ ಅಪ್ಪ! ಆ ಬೆಂಕಿಯ ಮೇಲೆ ಅಪ್ಪ ಬೀಡಿ ಮುಟ್ಟಲಿಲ್ಲ, ಚಾವಡಿಯ ಕಡೆ ಹೋಗಲಿಲ್ಲ, ಎದುರಿಗೆ ಬಂದವರ ಮುಖ ನೋಡಿ ಮಾತಾಡಲಿಲ್ಲ. ಎರಡು ವರ್ಷಕ್ಕೆ ಜ್ವರದಲ್ಲಿ ಹೋದ. ಬಣವಿ ಸುಟ್ಟವನ ಮಗನೆಂದು ಸಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದರು. ನಾನೂ ಅಪ್ಪನ ಮೇಲೆ ಸಿಟ್ಟಿನಲ್ಲೇ ಬೆಳೆದಿದ್ದೆ.

"ಅವನೂ ತನ್ನ ಬೀಡೀನ ಇರಬೇಕು ಅಂತ ನಂಬಿಬಿಟ್ಟಿದ್ದ" ಎಂದರು ಮಾವ. ಈಗ ಸಭೆಯತ್ತ ನೋಡುತ್ತಿರಲಿಲ್ಲ, ನನ್ನತ್ತ ನೋಡುತ್ತಿದ್ದರು. "ಸಾಯೋ ಮುಂದ ನನ್ನ ಕೈ ಹಿಡಕೊಂಡು, ನನ್ನಿಂದ ನಿನ್ನ ದನಾನೂ ಉಪವಾಸ ಬಿದ್ವು ಅಂದ. ಆಗರ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅವತ್ತಿಂದ ಸಣ್ಣ ಸಣ್ಣ ತಪ್ಪು ಎಲ್ಲಾ ಹೇಳಾಕತ್ತೇನಿ, ಇದೊಂದು ಬಿಟ್ಟು."

"ಅವರು ಏನೆಂದರು?" ಅಧ್ಯಕ್ಷರು ಕೇಳಿದರು. ಸಭೆ ಕಾಯುತ್ತಿತ್ತು. ಮೂರನೆಯ ಸಾಲಿನಲ್ಲಿ ಆ ಪೈಲಟ್ ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ಅವರ ಮನೆಯಲ್ಲೂ ಒಬ್ಬ ಮಗನಿರಬಹುದು ಎಂದು ಅದೇ ಮೊದಲ ಸಲ ನನಗೆ ಹೊಳೆಯಿತು. ಮಾವನ ಮಾತನ್ನು ನಾನು ತಿರುಗಿಸಲಿಲ್ಲ. "ಅವತ್ತು ರನ್‌ವೇ ಮೇಲೆ ಜೀಪು ಇತ್ತು. ಕಳಿಸಿದವನು ನಾನು. ಈ ಪೈಲಟ್ಟರ ಕಣ್ಣು ಸರಿಯಾಗಿಯೇ ಇದೆ" ಎಂದುಬಿಟ್ಟೆ.

ಮುಂದಿನದು ಸರಕಾರಿ ವ್ಯವಹಾರ. ಪೈಲಟ್ ಮತ್ತೆ ವಿಮಾನ ಹತ್ತಿದರು. ಹೇಳಿದವನಿಗೆ ಶಿಕ್ಷೆ ಕೂಡದೆಂಬ ಮಾತಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ ಸಾಹೇಬರೇ ನನ್ನನ್ನು ಆರು ತಿಂಗಳು ಹಳೆಯ ಕಡತಗಳ ಕೋಣೆಗೆ ನೂಕಿದರು!

ಆದರೆ ಅಂದು ಸಭೆಯಿಂದ ಹೊರಬಂದಾಗ ವರಾಂಡದಲ್ಲಿ ಮಾವ ಕಂಬಕ್ಕೆ ಒರಗಿ ನಿಂತಿದ್ದರು.

"ನೀ ಬಾಗಿಲಾ ತಗದ ಕೂಡ್ಲೆ ನನಗ ತಿಳೀತು. ನಿಮ್ಮಪ್ಪ ಹೋದ ಮ್ಯಾಲ ಕನ್ನಡ್ಯಾಗ ನನ್ನ ಮಾರಿ ಹಿಂಗ ಇತ್ತು" ಎಂದರು. ಆಮೇಲೆ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹೇಳಿದವಗ ಬೈಯಂಗಿಲ್ಲ ಅಂತ ರೂಢಿ ಹಚ್ಚಿದಾಂವ ನಾನ. ಆದ್ರ ನೀ ಬೈಯಿ ತಮ್ಮಾ. ನಿಮ್ಮಪ್ಪ ಒಂದು ಮಾತು ಅನ್ನಲಿಲ್ಲ ನನಗ. ಅವನ ಪರವಾಗಿ ಬೈಯಿ."

ಕ್ಷಮಿಸಿದೆನೆಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಅಲ್ಲವೇ? ನಾನು ಬೈದೆ. ತಾಂಬಾದಲ್ಲಿ ಕಲಿತ ಒಂದು ಬೈಗುಳವನ್ನೂ ಬಿಡದೆ, ಸೂಟು ಬೂಟಿನವರು ನಿಂತು ನೋಡುವ ಹಾಗೆ, ಗಂಟಲು ಹರಿಯುವ ತನಕ ಬೈದೆ. ಮಾವ ಬರಿದಲೆಯಲ್ಲಿ ನಿಂತು, ಪ್ರತಿಯೊಂದು ಬೈಗುಳಕ್ಕೂ "ಹೌದು, ಹೌದು" ಎನ್ನುತ್ತ ಕೇಳಿಸಿಕೊಂಡರು. ನನಗೆ ಮಾತು ಮುಗಿದಾಗ ರುಮಾಲಿನ ಚುಂಗಿನಿಂದ ನನ್ನ ಕಣ್ಣು ಒರೆಸಿದರು. ಅವರ ಕಣ್ಣೂ ಸುರಿಯುತ್ತಿತ್ತು, ಒರೆಸಲು ನನ್ನ ಕೈ ಏಳಲಿಲ್ಲ. ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗ ಯಾರ ಮುಂದೆ ಹೇಳಲಿ? ಅಂದು ಅವರ ಕಣ್ಣು ಒರೆಸದೆ ನಿಂತದ್ದು, ಅದು ನನ್ನ ತಪ್ಪು.